ಹನಿ ಬೀ ನೆಟ್‌ವರ್ಕ್

ತಳಮಟ್ಟದ ಸಂಶೋಧಕರು, ರೈತರು, ಕುಶಲಕರ್ಮಿಗಳನ್ನು ಒಂದುಗೂಡಿಸುವ ಭಾರತದ ಸ್ವಯಂಪ್ರೇರಿತ ಜಾಲ. ಅಹಮದಾಬಾದಿನ ಐಐಎಂ ಪ್ರಾಧ್ಯಾಪಕ ಅನಿಲ್ ಗುಪ್ತ ಮತ್ತು ಸಂಗಡಿಗರು 1980ರ ದಶಕದ ಕೊನೆಯಲ್ಲಿ ಕಟ್ಟಿದರು. ಹೂವಿಗೆ ನೋವಾಗದಂತೆ ಮಕರಂದ ಹೀರಿ, ಪರಾಗವನ್ನು ಹೂವಿನಿಂದ ಹೂವಿಗೆ ಒಯ್ಯುವ ಜೇನ್ನೊಣವೇ ಇದಕ್ಕೆ ಮಾದರಿ. ತಿಳಿವಳಿಕೆ ಕೊಟ್ಟವರ ಹೆಸರು ದಾಖಲಾಗಬೇಕು, ಕಲೆಹಾಕಿದ್ದು ಅವರದೇ ಭಾಷೆಯಲ್ಲಿ ಅವರಿಗೆ ಮರಳಬೇಕು, ಲಾಭ ಬಂದರೆ ಪಾಲು ಸಲ್ಲಬೇಕು ಎಂಬುದು ಜಾಲದ ಕಟ್ಟುಪಾಡು. ಹಳ್ಳಿಗರಿಂದ ಮಾಹಿತಿ ಪಡೆದು ಅವರನ್ನೇ ಮರೆಯುವ ರೂಢಿಗೆ ಇಷ್ಟು ನೇರವಾದ ಉತ್ತರ ಅಪರೂಪ. ಜಾಲದ ‘ಹನಿ ಬೀ’ ಪತ್ರಿಕೆ ಗುಜರಾತಿ, ತಮಿಳು ಮೊದಲಾದ ಭಾಷೆಗಳಲ್ಲೂ, ಕನ್ನಡದಲ್ಲಿ ‘ಹಿತ್ತಲಗಿಡ’ವಾಗಿಯೂ ಹೊರಬಂದದ್ದು ಇದೇ ಕಾರಣಕ್ಕೆ.

1998ರಲ್ಲಿ ಶೋಧಯಾತ್ರೆ ಆರಂಭವಾಯಿತು. ಯಾತ್ರಿಗಳು ಊರಿಂದೂರಿಗೆ ನಡೆದೇ ಹೋಗುತ್ತಾರೆ; ಬೇರೆಡೆಯ ಆವಿಷ್ಕಾರಗಳನ್ನು ತೋರಿಸುತ್ತಾರೆ, ಹೆಂಗಸರಿಗೆ ಅಡುಗೆ ಸ್ಪರ್ಧೆ, ಮಕ್ಕಳಿಗೆ ಗಿಡಮರ ಗುರುತಿಸುವ ಸ್ಪರ್ಧೆ ಏರ್ಪಡಿಸುತ್ತಾರೆ, ಊರಿನ ಜಾಣರನ್ನು ಅವರ ಮನೆಬಾಗಿಲಲ್ಲೇ ಗೌರವಿಸುತ್ತಾರೆ. ಜಾಲದ ಬೆಂಬಲ ಪಡೆದವರಲ್ಲಿ ಗುಜರಾತಿನ ವಾಂಕಾನೇರಿನ ಮನ್ಸುಖ್‌ಭಾಯಿ ಪ್ರಜಾಪತಿ ಹೆಸರುವಾಸಿ. ಅವರ ಮಣ್ಣಿನ ಫ್ರಿಜ್ಜಿಗೆ ಕರೆಂಟು ಬೇಡ: ಮೇಲಿನ ತೊಟ್ಟಿಯ ನೀರು ಗೋಡೆಗಳಲ್ಲಿ ಜಿನುಗಿ, ಆವಿಯಾಗುತ್ತ ಒಳಗಿನ ತರಕಾರಿಯನ್ನು ತಂಪಾಗಿಡುತ್ತದೆ. ಜಾಲಕ್ಕೆ ಆಸರೆಯಾಗಿ 1993ರಲ್ಲಿ ‘ಸೃಷ್ಟಿ’ ಸಂಸ್ಥೆ, ಕೇಂದ್ರ ಸರ್ಕಾರದ ನೆರವಿನೊಂದಿಗೆ 2000ದಲ್ಲಿ ನ್ಯಾಷನಲ್ ಇನ್ನೋವೇಷನ್ ಫೌಂಡೇಷನ್ ಸ್ಥಾಪನೆಯಾದವು.