ಹಲ್ಲಿನ ಬುಡದ ಇತಿಹಾಸ

ನನ್ನ ಒಸಡಿನಲ್ಲಿ ಮೊದಲು ರಕ್ತ ಕಾಣಿಸಿಕೊಂಡಾಗ ನನಗೆ ಮೂವತ್ತೆಂಟು ವರ್ಷ. ‘ಇದು ಉಷ್ಣ’ ಎಂದು ಮನೆಯಲ್ಲಿ ತೀರ್ಪಾಯಿತು. ಎಳನೀರು, ಮಜ್ಜಿಗೆ, ಮೆಂತ್ಯದ ನೀರು ಎಲ್ಲವೂ ಆದುವು. ರಕ್ತ ಬರುವ ಕಡೆ ಬ್ರಷ್ಷು ಸೋಕದಂತೆ ಹಲ್ಲುಜ್ಜುವ ಜಾಣತನವನ್ನೂ ಕಲಿತೆ. ವೈದ್ಯರಲ್ಲಿ ಹೋಗಿ ಹಲ್ಲು ಶುಚಿ ಮಾಡಿಸೋಣವೆಂದರೆ, ‘ಮಾಡಿಸಿದರೆ ಇದ್ದ ಹಲ್ಲೂ ಸಡಿಲವಾಗುತ್ತದೆ’ ಎಂದು ಸಹೋದ್ಯೋಗಿಯೊಬ್ಬರು ಹೆದರಿಸಿದರು. ನೋವಂತೂ ಇರಲಿಲ್ಲ. ನಾಲ್ಕು ವರ್ಷ ಕಳೆದ ಮೇಲೆ ಮೇಲುಸಾಲಿನ ಮುಂದಿನ ಹಲ್ಲೊಂದು ನಾಲಗೆ ತಾಕಿದರೆ ಅಲುಗತೊಡಗಿತು, ಆಗ ಓಡಿದೆ. ಆ ಹಲ್ಲು ಉಳಿಯಲಿಲ್ಲ. ತವರ್ಗದ ಉಚ್ಚಾರಣೆಯನ್ನು ತರಗತಿಯಲ್ಲಿ ಮಾಡಿ ತೋರಿಸಬೇಕಾದ ಕನ್ನಡ ಮೇಷ್ಟರಿಗೆ ಇದು ಸಣ್ಣ ನಷ್ಟವಲ್ಲ.

ಹಲ್ಲು ಹೋದ ಮೇಲೆ ಪುಸ್ತಕ ಹಿಡಿದೆ. ನಾನು ನಂಬಿದ್ದ ಮಾತುಗಳಿಗೆ ಉತ್ತರ ಎಷ್ಟೋ ಕಾಲದ ಹಿಂದೆಯೇ ಸಿದ್ಧವಾಗಿತ್ತು.

ಸುಶ್ರುತಸಂಹಿತೆ ಎಣಿಸುವ ಮುಖರೋಗಗಳು ೬೫. ಅವುಗಳಲ್ಲಿ ೧೫ ದಂತಮೂಲದವು, ಎಂದರೆ ಒಸಡಿಗೆ ಸೇರಿದವು. ಇದ್ದಕ್ಕಿದ್ದಂತೆ ಒಸಡಿನಿಂದ ರಕ್ತ ಬರುವ ರೋಗಕ್ಕೆ ಅಲ್ಲಿ ‘ಶೀತಾದ’ವೆಂದು ಹೆಸರು. ನಾವು ಉಷ್ಣವೆನ್ನುತ್ತೇವೆ, ಸುಶ್ರುತ ಕಫವನ್ನೂ ರಕ್ತವನ್ನೂ ಕಾರಣವೆನ್ನುತ್ತಾನೆ, ಹೆಸರಿನಲ್ಲೇ ಶೀತವಿದೆ! ಕೀವು ರಕ್ತ ಸುರಿದು ಹಲ್ಲು ಅಲುಗುವುದು ‘ದಂತವೇಷ್ಟ’. ಹಲ್ಲಿಗೆ ಕಚ್ಚಿಕೊಂಡು ಗಟ್ಟಿಯಾದ ಕಿಟ್ಟ ‘ದಂತಶರ್ಕರಾ’. ಒಸಡಿಗೆ ಪೆಟ್ಟಾಗದಂತೆ ಆ ಕಿಟ್ಟವನ್ನು ತೆಗೆದು, ಅರಗಿನ ಪುಡಿಯನ್ನು ಜೇನಿನಲ್ಲಿ ಕಲಸಿ ಉಜ್ಜಬೇಕೆಂದು ವಿಧಿ. ಕ್ರಿ.ಶ. ೧೦೦೦ರ ಸುಮಾರಿನಲ್ಲಿ ಸ್ಪೇನಿನ ಕಾರ್ಡೋವಾದ ಬಳಿ ಇದ್ದ ಶಸ್ತ್ರವೈದ್ಯ ಅಲ್ ಜಹ್ರಾವಿಯೂ ಕಿಟ್ಟ ಕೆರೆಯುವ ಉಪಕರಣಗಳ ಚಿತ್ರಗಳನ್ನೇ ಕೊಟ್ಟು, ಒಂದು ದಿನಕ್ಕೆ ಮುಗಿಯದಿದ್ದರೆ ಮರುದಿನವೂ ಕೆರೆಯಬೇಕೆಂದ.

ಹಾಗಾದರೆ ನನ್ನ ಸಹೋದ್ಯೋಗಿಗಳ ಮಾತು? ಅವರು ಕಂಡದ್ದು ಸುಳ್ಳಲ್ಲ, ಕೊಟ್ಟ ಕಾರಣ ಸುಳ್ಳು. ಕಿಟ್ಟದ ಆಸರೆಯಲ್ಲಿ ಬೆಳೆದ ರೋಗ ಹಲ್ಲನ್ನು ಹಿಡಿದಿರುವ ಎಲುಬನ್ನು ಮೊದಲೇ ಕರಗಿಸಿರುತ್ತದೆ. ಕಿಟ್ಟ ಹೋದಾಗ ಸಂದು ಕಾಣುತ್ತದೆ, ಸಡಿಲ ತಿಳಿಯುತ್ತದೆ. ಹಳೆಯ ಗೋಡೆಯ ಗಾರೆ ಕೆರೆದವನೇ ಬಿರುಕಿಗೆ ಕಾರಣವೆಂದ ಹಾಗಾಯಿತು.

ಇನ್ನು ರೋಗದ ಮೂಲ. ‘ಹುಳುಕುಹಲ್ಲು’ ಎಂಬ ನಮ್ಮ ಮಾತಿನಲ್ಲೇ ಒಂದು ಹುಳು ಅಡಗಿದೆ. ಬಾಬಿಲೋನಿನ ಮಂತ್ರವೊಂದರಲ್ಲಿಯೂ ಹಲ್ಲಿಗೂ ಒಸಡಿಗೂ ನಡುವೆ ವಾಸಕ್ಕೆ ಎಡೆ ಬೇಡುವ ಹುಳುವಿನ ಕಥೆಯಿದೆ. ಸೂಕ್ಷ್ಮದರ್ಶಕದಲ್ಲಿ ಎಷ್ಟು ನೋಡಿದರೂ ಹುಳು ಕಾಣಲಿಲ್ಲವೆಂದು ಸಾರಿದವನು ಫ್ರಾನ್ಸಿನ ದಂತವೈದ್ಯ ಪಿಯರ್ ಫೋಶಾರ್, ೧೭೨೮ರ ತನ್ನ ಗ್ರಂಥದಲ್ಲಿ. ವಿನೋದವೆಂದರೆ, ಅದಕ್ಕೆ ೪೫ ವರ್ಷ ಮೊದಲೇ, ೧೬೮೩ರಲ್ಲಿ, ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ತನ್ನ ಹಲ್ಲುಸಂದಿನ ಬಿಳಿಯ ಪಾಚಿಯಲ್ಲಿ ಪುಟ್ಟ ಜೀವಿಗಳು ಈಜಾಡುವುದನ್ನು ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದಿದ್ದ. ಆತ ದಿನವೂ ಉಪ್ಪಿನಿಂದ ಹಲ್ಲುಜ್ಜುತ್ತಿದ್ದವನು! ಆ ಜೀವಿಗಳಿಗೂ ಒಸಡಿನ ರಕ್ತಕ್ಕೂ ಇರುವ ಸಂಬಂಧ ಸ್ಪಷ್ಟವಾಗಿ ತೋರಲು ಶತಮಾನಗಳೇ ಬೇಕಾದುವು. ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ಆರೋಗ್ಯವಾದ ಒಸಡಿನ ೧೨ ಮಂದಿಗೆ ಹಲ್ಲುಜ್ಜುವುದನ್ನೇ ಬಿಡಿಸಿ ನೋಡಿದರು. ಫಲಿತಾಂಶ ೧೯೬೫ರಲ್ಲಿ ಪ್ರಕಟವಾಯಿತು. ೧೦ರಿಂದ ೨೧ ದಿನಗಳೊಳಗೆ ಎಲ್ಲರ ಒಸಡೂ ಕೆಂಪಾಗಿ ಊದಿತು. ಮತ್ತೆ ಉಜ್ಜತೊಡಗಿದರು, ಸುಮಾರು ಒಂದು ವಾರದಲ್ಲಿ ಒಸಡು ಮೊದಲಿನಂತಾಯಿತು. ರಕ್ತ ಬರುವ ಕಡೆ ಉಜ್ಜದೆ ಬಿಟ್ಟ ನನ್ನ ಜಾಣತನಕ್ಕೆ ಇದಕ್ಕಿಂತ ಉತ್ತರ ಬೇಕೆ?

ಇಷ್ಟು ಮಾತ್ರ ನೆನಪಿಡಬೇಕು. ಒಸಡಷ್ಟೇ ಕೆಟ್ಟಿದ್ದರೆ ಮತ್ತೆ ಸರಿಹೋಗುತ್ತದೆ. ರೋಗ ಎಲುಬಿಗೆ ಇಳಿದ ಮೇಲೆ ತಡೆದು ನಿಲ್ಲಿಸಬಹುದು, ಕರಗಿದ್ದು ತಾನಾಗಿ ಮರಳುವುದಿಲ್ಲ. ನಯವಾದ ಬ್ರಷ್ಷಿನಿಂದ ಚೆನ್ನಾಗಿ ಉಜ್ಜಿಯೂ ಒಂದೆರಡು ವಾರದಲ್ಲಿ ರಕ್ತ ನಿಲ್ಲದಿದ್ದರೆ ದಂತವೈದ್ಯರನ್ನು ಕಾಣಬೇಕು. ಕೀವು, ಒಸಡಿನ ಇಳಿತ, ಹೋಗದ ದುರ್ವಾಸನೆ, ಹಲ್ಲುಗಳ ನಡುವೆ ಹೊಸ ಸಂದು, ಅಲುಗಾಟ, ಇವುಗಳಲ್ಲಿ ಯಾವುದೊಂದು ಕಂಡರೂ ಆ ಎರಡು ವಾರವೂ ಕಾಯಬಾರದು. ನೋವಿಲ್ಲವೆಂಬುದು ರೋಗವಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಸಿಹಿಮೂತ್ರದವರು ಇನ್ನಷ್ಟು ಎಚ್ಚರವಾಗಿರಬೇಕು. ಬೀಡಿ ಸಿಗರೇಟು ಸೇದುವವರಲ್ಲಿ ರೋಗ ಬಲಿತಿದ್ದರೂ ರಕ್ತ ಕಡಮೆ ಕಾಣುವುದುಂಟು.

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂದು ಗಾದೆ ವಿಧಿಯನ್ನು ದೂರುತ್ತದೆ. ನನ್ನ ವಿಷಯದಲ್ಲಿ ವಿಧಿಯ ತಪ್ಪೇನೂ ಇಲ್ಲ. ನಾಲ್ಕು ವರ್ಷ ಮಜ್ಜಿಗೆ ಕುಡಿಯುತ್ತ ಕುಳಿತವನು ನಾನೇ.