ಮೆಕಾಂಗ್ ಶೋಧಯಾತ್ರೆ, 1866–1868

ಬರ್ಮಾದ ಕಡೆಯಿಂದ ಚೀನಾಕ್ಕೆ ವ್ಯಾಪಾರದ ದಾರಿ ತೆರೆಯಲು ಬ್ರಿಟಿಷರು ಹವಣಿಸುತ್ತಿದ್ದ ಕಾಲವದು. ಅವರಿಗಿಂತ ಮೊದಲು ಯುನ್ನಾನ್ ಪ್ರಾಂತ್ಯ ತಲುಪಬೇಕೆಂದು ಫ್ರೆಂಚರು ಮೆಕಾಂಗ್ ನದಿಯನ್ನು ನೆಚ್ಚಿಕೊಂಡರು. 1866ರ ಜೂನ್ 5ರಂದು ತಂಡ ಸೈಗಾನ್‌ನಿಂದ ಹೊರಟಿತು.

ತಂಡ
ನಾಯಕ: ಅರ್ನೆಸ್ಟ್ ದುದಾರ್ ದ ಲಾಗ್ರೆ
ಭೂಮಾಪನ: ಫ್ರಾನ್ಸಿಸ್ ಗಾರ್ನಿಯೆ
ಚಿತ್ರರಚನೆ: ಲೂಯಿ ದೆಲಾಪೋರ್ತ್
ಭೂವಿಜ್ಞಾನ: ಯೂಜೀನ್ ಜುಬೇರ್
ಸಸ್ಯವಿಜ್ಞಾನ: ಕ್ಲೋವಿಸ್ ಥೊರೆಲ್
ವಿದೇಶಾಂಗ ಇಲಾಖೆಯ ಪ್ರತಿನಿಧಿ: ಲೂಯಿ ದ ಕಾರ್ನೆ

ದಾರಿ
ಅಂಕೋರ್‌ನ ದೇಗುಲಗಳನ್ನು ನೋಡಿಕೊಂಡು ತಂಡ ಮೇಲಕ್ಕೆ ಸಾಗಿತು. ಕಾಂಬೋಡಿಯಾದ ಕ್ರಾಟಿಯೆಯಲ್ಲಿಯೇ ಉಗಿಹಡಗನ್ನು ಬಿಟ್ಟು ಮರದ ದೋಣಿಗಳನ್ನು ಹತ್ತಬೇಕಾಯಿತು. ಯುರೋಪಿನ ಭೂಪಟಗಳಲ್ಲಿ ಖಾಲಿಯಿದ್ದ ಈ ಸೀಮೆಯ ಸೆಳವು, ಸುಳಿಗಳೆಲ್ಲ ಸ್ಥಳೀಯ ಅಂಬಿಗರಿಗೆ ಗೊತ್ತಿದ್ದವು. ಸಾಂಬೋರ್‌ನ ಬಂಡೆಗಳ ನಡುವಣ ರಭಸ, ಖೋನ್ ಜಲಪಾತಗಳು ಹಡಗಿನ ದಾರಿಯ ಕನಸನ್ನು ಮುರಿದವು. 1867ರಲ್ಲಿ ಲುವಾಂಗ್ ಪ್ರಬಾಂಗ್ ದಾಟಿದ ತಂಡ ಜಿಂಗ್‌ಹಾಂಗ್‌ನ ಬಳಿಕ ನದಿ ಬಿಟ್ಟು ಮುಂದೆ ಸಾಗಿತು. 1868ರ ಮಾರ್ಚ್‌ನಲ್ಲಿ ಲಾಗ್ರೆ ಯುನ್ನಾನ್‌ನಲ್ಲಿ ಕಾಯಿಲೆಯಿಂದ ತೀರಿಕೊಂಡರು. ಗಾರ್ನಿಯೆ ಉಳಿದವರನ್ನು ಯಾಂಗ್‌ತ್ಸೆ ನದಿಯ ಮೂಲಕ ಶಾಂಘೈಗೆ ಕರೆತಂದರು.

ಫಲ
ವ್ಯಾಪಾರಕ್ಕೆ ಮೆಕಾಂಗ್ ಒದಗದು ಎಂದು ತಿಳಿದ ಫ್ರೆಂಚರ ಕಣ್ಣು ಟಾಂಕಿನ್‌ನ ಕೆಂಪು ನದಿಯತ್ತ ಹೊರಳಿತು. ಅಲ್ಲಿಯ ಹನೋಯ್‌ನಲ್ಲಿ 1873ರಲ್ಲಿ ಗಾರ್ನಿಯೆ ಕಾಳಗದಲ್ಲಿ ಮಡಿದರು. ಭೂಪಟ, ಸಸ್ಯಸಂಗ್ರಹ, ಚಿತ್ರಗಳು ಮಾತ್ರ ವಿಜ್ಞಾನದ ಪಾಲಿಗೆ ಲಾಭವಾದವು. ಪ್ರತಿಸ್ಪರ್ಧಿ ದೇಶವೂ ಇದನ್ನು ಒಪ್ಪಿತು: 1870ರಲ್ಲಿ ಲಂಡನ್‌ನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಗಾರ್ನಿಯೆಗೆ ಚಿನ್ನದ ಪದಕ ನೀಡಿತು.