ಮದುರೊ: ಎಲೆಯ ಬಣ್ಣ ಮತ್ತು ದುಡಿಮೆಯ ಲೆಕ್ಕ

ಉತ್ತಮ ದರ್ಜೆಯ ಸಿಗಾರ್‌ಗಳ ಲೋಕದಲ್ಲಿ ಮದುರೊಗೆ ಇಂದು ದೊಡ್ಡ ಮರ್ಯಾದೆಯಿದೆ. ಕಡುಗಂದಿನಿಂದ ಹಿಡಿದು ಹೆಚ್ಚುಕಡಿಮೆ ಕಪ್ಪಿನವರೆಗೆ ಹೋಗುವ ಅದರ ಹೊದಿಕೆ ಎಲೆ, ಆ ಎಲೆಯ ಮೇಲಿನ ಎಣ್ಣೆಯ ಮಿರುಗು, ಹೊಗೆಯಲ್ಲಿ ರಸಿಕರು ಗುರುತಿಸುವ ಕೋಕೋ, ಕಾಫಿ, ಒಣದ್ರಾಕ್ಷಿಯ ಛಾಯೆಗಳು, ಇವುಗಳ ಬಗ್ಗೆ ಪುಟಗಟ್ಟಲೆ ಬರಹಗಳಿವೆ. ಅವುಗಳಲ್ಲಿ ಬಹಳಷ್ಟು ಬಣ್ಣವನ್ನೇ ಗುಣಕ್ಕೆ ಸಾಕ್ಷಿಯಾಗಿ ಹಿಡಿಯುತ್ತವೆ: ಎಲೆ ಕಪ್ಪಾದಷ್ಟೂ ಸಿಗಾರ್ ಗಟ್ಟಿ, ಸಿಗಾರ್ ಗಟ್ಟಿಯಾದಷ್ಟೂ ಸೇದುವವರ ಅಭಿರುಚಿ ಪಕ್ವ. ಚರಿತ್ರೆಯ ಮುಂದೆ ಈ ನಂಬಿಕೆ ನಿಲ್ಲುವುದಿಲ್ಲ. ಕಡುಬಣ್ಣದ ಎಲೆಯನ್ನು ಮಾರುಕಟ್ಟೆ ಒಮ್ಮೆ ಮೂಲೆಗೆ ತಳ್ಳಿದೆ, ಇನ್ನೊಮ್ಮೆ ತಲೆಯ ಮೇಲೆ ಹೊತ್ತಿದೆ. ಬಣ್ಣ ತಾನಾಗಿ ಏನನ್ನೂ ಸಾಬೀತು ಮಾಡದು. ಎಲೆಯನ್ನು ಆ ಬಣ್ಣಕ್ಕೆ ತಂದ ದುಡಿಮೆ, ಕಾಯುವಿಕೆ ಮತ್ತು ವಿವೇಚನೆಯಲ್ಲಿ ಅದರ ನಿಜವಾದ ಬೆಲೆ ಇದೆ. ಆದ್ದರಿಂದ ಮದುರೊವನ್ನು ಮೆಚ್ಚುವುದೆಂದರೆ ಅದನ್ನು ಮಾಗಿಸಿದವರ ಚರಿತ್ರೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು. ಆ ಲೆಕ್ಕ ಬಿಟ್ಟ ಮೆಚ್ಚುಗೆ ಅರೆಬರೆಯದು.

ಮದುರೊ ಒಂದು ತಳಿಯ ಹೆಸರಲ್ಲ, ಊರಿನ ಹೆಸರೂ ಅಲ್ಲ. ಎಲೆ ಮುಟ್ಟಿದ ಒಂದು ಹದ. ತಂಬಾಕಿನ ಗಿಡದಲ್ಲಿ ಕೆಳಗಿನ ಎಲೆ ತೆಳುವಾಗಿರುತ್ತದೆ, ಬಿಸಿಲಿಗೆ ಹೆಚ್ಚು ಒಡ್ಡಿಕೊಂಡ ಮೇಲಿನ ಎಲೆ ದಪ್ಪವಾಗಿ ಎಣ್ಣೆಯಂಶ ತುಂಬಿಕೊಂಡಿರುತ್ತದೆ. ಮುಂದಿನ ಕಾವನ್ನು ತಾಳಬಲ್ಲುದು ದಪ್ಪ ಎಲೆಯೇ. ಅಮೆರಿಕದ ಕನೆಕ್ಟಿಕಟ್ ನದಿ ಕಣಿವೆಯ ಬ್ರಾಡ್‌ಲೀಫ್, ಮೆಕ್ಸಿಕೊದ ವೆರಾಕ್ರೂಸ್ ರಾಜ್ಯದ ಸ್ಯಾನ್ ಆಂಡ್ರೆಸ್ ಕಣಿವೆಯ ಎಲೆ, ಬ್ರೆಜಿಲ್‌ನ ಬಹಿಯಾದ ಮಾಟಾ ಫೀನಾ ಇದಕ್ಕೆ ಹೆಸರಾಗಿವೆ. ಬ್ರಾಡ್‌ಲೀಫನ್ನು ಒಂದೊಂದೇ ಎಲೆಯಾಗಿ ಕೊಯ್ಯುವುದಿಲ್ಲ. ಇಡೀ ಗಿಡವನ್ನು ದಂಟಿನ ಸಮೇತ ಕಡಿದು ಗಾಳಿಯಾಡುವ ಕೊಟ್ಟಿಗೆಗಳಲ್ಲಿ ವಾರಗಟ್ಟಲೆ ತೂಗುಹಾಕುತ್ತಾರೆ. ಒಣಗಿದ ಎಲೆಗೆ ನೀರು ಚಿಮುಕಿಸಿ ಎತ್ತರದ ರಾಶಿಯಾಗಿ ಪೇರಿಸಿದಾಗ, ಹಸಿ ಹುಲ್ಲಿನ ಬಣವೆಯಂತೆ ಅದು ಒಳಗೊಳಗೇ ಕಾವೇರುತ್ತದೆ. ಅಮೋನಿಯ ಹೊರಬೀಳುತ್ತದೆ, ನಿಕೋಟಿನ್ ತಗ್ಗುತ್ತದೆ, ಒಗರು ಇಳಿಯುತ್ತದೆ, ಬಣ್ಣ ಗಾಢವಾಗುತ್ತದೆ. ಕಾವು ಮಿತಿ ಮುಟ್ಟಿದ ಕೂಡಲೇ ರಾಶಿ ಬಿಚ್ಚಿ, ನಡುವಿನ ಎಲೆಯನ್ನು ಅಂಚಿಗೂ ಅಂಚಿನದನ್ನು ನಡುವಿಗೂ ತಂದು ಮತ್ತೆ ಪೇರಿಸಬೇಕು. ತಡವಾದರೆ ಎಲೆಯ ಜೀವ ಹೋಗುತ್ತದೆ, ಬೇಗ ಬಿಚ್ಚಿದರೆ ಒಗರು ಉಳಿಯುತ್ತದೆ. ತೆಳುಬಣ್ಣದ ಎಲೆಗಿಂತ ಮದುರೊ ಎಲೆಗೆ ಹೆಚ್ಚು ಕಾವು ಬೇಕು, ಹೆಚ್ಚು ಕಾಲವೂ ಬೇಕು. ಅವಸರದ ತಯಾರಕರು ಎಲೆಯನ್ನು ಹಬೆಯಲ್ಲಿ ಬೇಯಿಸಿ ಕಪ್ಪಾಗಿಸುವುದುಂಟು, ಬಣ್ಣ ಹಚ್ಚುವುದೂ ಉಂಟು. ಅಂಗಡಿಯ ಗಾಜಿನ ಹಿಂದೆ ಎರಡೂ ಒಂದೇ ಥರ ಕಾಣುತ್ತವೆ. ಕಪ್ಪನ್ನು ಗುಣದ ಗುರುತಾಗಿ ನಂಬುವಂತಿಲ್ಲ ಎನ್ನಲು ಇದು ಮೊದಲ ಕಾರಣ.

ಎರಡನೆಯ ಕಾರಣ ವ್ಯಾಪಾರದ ಚರಿತ್ರೆಯಲ್ಲಿದೆ. 1863ರಲ್ಲಿ ಯಾಕೋಬಸ್ ನೀನ್‌ಹೌಸ್ ಎಂಬ ಡಚ್ಚರವನು ಸುಮಾತ್ರಾ ದ್ವೀಪದ ದೇಲಿಗೆ ಬಂದು ತಂಬಾಕು ಬೆಳೆಯತೊಡಗಿದ. ಅಲ್ಲಿನ ಎಲೆ ತೆಳು, ನಯ, ತಿಳಿಬಣ್ಣದ್ದು. ಕಡಿಮೆ ತೂಕದ ಎಲೆಯಲ್ಲಿ ಹೆಚ್ಚು ಸಿಗಾರ್ ಸುತ್ತಬಹುದಾಗಿತ್ತು. ಅದು ಅಮೆರಿಕದ ಮಾರುಕಟ್ಟೆಗೆ ನುಗ್ಗಿದಾಗ ಕನೆಕ್ಟಿಕಟ್‌ನ ದಪ್ಪ ಎಲೆಯ ಬೆಳೆಗಾರರು ತತ್ತರಿಸಿದರು. 1890ರ ಮೆಕಿನ್ಲಿ ಸುಂಕ ಕಾಯ್ದೆ ಆಮದಾದ ಹೊದಿಕೆ ಎಲೆಯ ಮೇಲೆ ಭಾರೀ ಸುಂಕ ಹೇರಿತು. 1900ರ ಹೊತ್ತಿಗೆ ಅದೇ ಕಣಿವೆಯಲ್ಲಿ ಹೊಲಗಳ ಮೇಲೆ ಬಟ್ಟೆಯ ಚಪ್ಪರ ಹಾಕಿ, ನೆರಳಿನಲ್ಲಿ ಸುಮಾತ್ರಾದಂಥ ತೆಳು ಎಲೆ ಬೆಳೆಯುವ ಪ್ರಯೋಗ ಶುರುವಾಯಿತು. ಇಪ್ಪತ್ತನೆಯ ಶತಮಾನದ ನಡುವಿನ ಅಮೆರಿಕದಲ್ಲಿ ಹಸಿರು ಬಣ್ಣ ಉಳಿಯುವಂತೆ ಬಿಸಿಯಲ್ಲಿ ಬೇಗ ಒಣಗಿಸಿದ ಕ್ಯಾಂಡೆಲಾ ಎಲೆಗೆ ಎಲ್ಲಿಲ್ಲದ ಬೇಡಿಕೆಯಿತ್ತು. 1990ರ ದಶಕದಲ್ಲಿ ಅಮೆರಿಕದಲ್ಲಿ ಸಿಗಾರ್ ಮತ್ತೆ ಅಂತಸ್ತಿನ ವಸ್ತುವಾಗಿ ಮೇಲೆದ್ದ ಮೇಲೆ ಕಡುಬಣ್ಣದ ಎಲೆಗೂ ಬೆಲೆ ಏರಿತು. ಕ್ಯೂಬಾದ ಹೆಸರಾಂತ ಕೊಹೀಬಾ ಕೂಡ 2007ರಲ್ಲಿ ಮದುರೊ ಎಂಬ ಪ್ರತ್ಯೇಕ ಸರಣಿಯನ್ನು ಹೊರತಂದಿತು. ತಿಳಿಬಣ್ಣ, ಹಸಿರು, ಕಪ್ಪು ಮೂರೂ ತಮ್ಮ ತಮ್ಮ ಕಾಲದಲ್ಲಿ ಉತ್ತಮ ಅಭಿರುಚಿಯ ಲಕ್ಷಣ ಅನ್ನಿಸಿಕೊಂಡಿವೆ. ಜನರ ನಾಲಿಗೆ ಸುಂಕ, ಹಡಗು, ಜಾಹೀರಾತುಗಳ ಜೊತೆಜೊತೆಗೇ ಬದಲಾಗಿದೆ.

ಬಣ್ಣದ ಈ ಮೇಲಾಟದ ಹಿಂದೆ ಜನರಿದ್ದರು. ದೇಲಿಯ ತೋಟಗಳಿಗೆ ಮೊದಲು ಚೀನೀಯರನ್ನೂ ಆಮೇಲೆ ಜಾವಾದವರನ್ನೂ ಕರಾರಿನ ಮೇಲೆ ತಂದರು. 1880ರ ಕೂಲಿ ಕಾನೂನಿನ ಪ್ರಕಾರ ಕರಾರು ಮುರಿದು ತೋಟ ಬಿಡುವುದು ಶಿಕ್ಷಾರ್ಹ ಅಪರಾಧವಾಗಿತ್ತು. ಅಲ್ಲಿನ ಹೊಡೆತ ಬಡಿತಗಳನ್ನು ವಕೀಲ ಫಾನ್ ಡೆನ್ ಬ್ರಾಂಡ್ 1902ರಲ್ಲಿ ಕಿರುಹೊತ್ತಗೆಯೊಂದರಲ್ಲಿ ಬಯಲಿಗೆಳೆದ. ಸರ್ಕಾರ ತನಿಖೆ ನಡೆಸಿತು, 1904ರಲ್ಲಿ ರೆಮ್‌ರೆಫ್ ವರದಿ ಸಿದ್ಧವಾಯಿತು, ಆದರೆ ಅದನ್ನು ಪ್ರಕಟಿಸಲಿಲ್ಲ. ಗುಜರಾತಿನ ಕೂಲಿಕಾರರ ಬಗ್ಗೆ ಜೀವಮಾನವಿಡೀ ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ಯಾನ್ ಬ್ರೆಮನ್ 1987ರಲ್ಲಿ ಅದನ್ನು ಹೊರತಂದಾಗ ಎಂಟು ದಶಕಗಳು ಕಳೆದಿದ್ದವು. ಕಡುಬಣ್ಣದ ಎಲೆಯ ನಾಡುಗಳ ಕಥೆಯೂ ಇದಕ್ಕಿಂತ ಹಗುರವಲ್ಲ. ಬಹಿಯಾದ ಕೀಳು ದರ್ಜೆಯ ತಂಬಾಕನ್ನು ಹಗ್ಗದಂತೆ ಹೊಸೆದು, ಕಾಕಂಬಿ ಸವರಿ, ಪಶ್ಚಿಮ ಆಫ್ರಿಕಾದ ಕರಾವಳಿಗೆ ಸಾಗಿಸುತ್ತಿದ್ದರು. ಅಲ್ಲಿ ಅದನ್ನು ಕೊಟ್ಟು ಮನುಷ್ಯರನ್ನು ಕೊಳ್ಳುತ್ತಿದ್ದರು. ಬ್ರೆಜಿಲ್‌ನಲ್ಲಿ ಗುಲಾಮಗಿರಿ ರದ್ದಾದದ್ದು 1888ರಲ್ಲಿ. ಮೆಕ್ಸಿಕೊದ ವಾಯೆ ನಾಸಿಯೊನಾಲ್ ಕಣಿವೆಯ ತಂಬಾಕು ತೋಟಗಳಲ್ಲಿ ಸಾಲದ ಹೆಸರಿನಲ್ಲಿ ಜನರನ್ನು ಕೂಡಿಹಾಕಿ ದುಡಿಸುತ್ತಿದ್ದುದನ್ನು ಅಮೆರಿಕದ ಪತ್ರಕರ್ತ ಜಾನ್ ಕೆನೆತ್ ಟರ್ನರ್ 1909ರಿಂದಾಚೆಗೆ ಬರೆದು ಲೋಕಕ್ಕೆ ತಿಳಿಸಿದ.

ಹವಾನಾದ ಚರಿತ್ರೆಯಲ್ಲಿ ಈ ದಬ್ಬಾಳಿಕೆಯ ಜೊತೆಗೆ ಅದಕ್ಕೆ ಎದುರಾಗಿ ನಿಂತವರೂ ಕಾಣುತ್ತಾರೆ. 1717ರಲ್ಲಿ ಸ್ಪೇನ್ ದೊರೆ ಕ್ಯೂಬಾದ ತಂಬಾಕಿನ ಮೇಲೆ ಏಕಸ್ವಾಮ್ಯ ಹೇರಿದಾಗ ಬೆಳೆಗಾರರು ಬಂಡೆದ್ದರು. 1723ರಲ್ಲಿ ಅವರಲ್ಲಿ ಕೆಲವರಿಗೆ ಮರಣದಂಡನೆಯಾಯಿತು. 1817ರಲ್ಲಿ ಏಕಸ್ವಾಮ್ಯ ಕೊನೆಗೊಂಡ ಮೇಲೆ ಕಾರ್ಖಾನೆಗಳು ಬೆಳೆದವು. 1844ರ ಉಪ್‌ಮನ್, 1845ರ ಪಾರ್ತಾಗಾಸ್ ಮುಂತಾದ ಹೆಸರುಗಳು ಆ ಕಾಲದವು. ಹತ್ತೊಂಬತ್ತನೆಯ ಶತಮಾನದ ನಡುವಿನ ಈ ಕಾರ್ಖಾನೆಗಳಲ್ಲಿ ಸ್ವತಂತ್ರ ಕೆಲಸಗಾರರ ಜೊತೆಗೆ ಗುಲಾಮರೂ ಕರಾರಿನ ಚೀನೀಯರೂ ಇದ್ದರು. ಎಲೆ ವಿಂಗಡಿಸುವವರು, ನಾರು ತೆಗೆಯುವವರು, ಸುತ್ತುವವರು ಬೇರೆ ಬೇರೆ. ಸುತ್ತಿ ಮುಗಿದ ಸಿಗಾರ್‌ಗಳನ್ನು ಬಣ್ಣದ ಹತ್ತಾರು ಛಾಯೆಗಳಾಗಿ ಬೇರ್ಪಡಿಸಿ, ಪೆಟ್ಟಿಗೆಯಲ್ಲಿ ಗಾಢದಿಂದ ತಿಳಿಯ ಕಡೆಗೆ ಸಾಲಾಗಿ ಜೋಡಿಸುವುದಕ್ಕೆ ಪ್ರತ್ಯೇಕ ಕೆಲಸಗಾರರಿದ್ದರು. ಸಾಮಾನ್ಯ ಕಣ್ಣಿಗೆ ಒಂದೇ ಕಂದು ಕಾಣುವಲ್ಲಿ ಅವರು ಹತ್ತು ಕಂದುಗಳನ್ನು ಕಂಡರು. ಇಂದಿನ ರಸಿಕರು ಮದುರೊ, ಕೊಲರಾಡೊ, ಕ್ಲಾರೊ ಎಂದು ವಿಂಗಡಿಸುವಾಗ ಬಳಸುವುದು ಆ ಕೆಲಸಗಾರರ ವೃತ್ತಿಜ್ಞಾನವನ್ನೇ.

ಆ ಕೆಲಸಗಾರರು ಕೈಚಳಕದ ಜನ ಮಾತ್ರ ಆಗಿರಲಿಲ್ಲ. 1865ರಲ್ಲಿ ಹವಾನಾದ ಎಲ್ ಫಿಗರೊ ಕಾರ್ಖಾನೆಯಲ್ಲಿ ಕೆಲಸದ ಹೊತ್ತಿನಲ್ಲಿ ಒಬ್ಬರು ಗಟ್ಟಿಯಾಗಿ ಓದುವ, ಉಳಿದವರು ಕೇಳುತ್ತಾ ಸುತ್ತುವ ಪದ್ಧತಿ ಆರಂಭವಾಯಿತು. ಓದುವವರ ಸಂಬಳವನ್ನು ಕೊಡುತ್ತಿದ್ದವರು ಕೆಲಸಗಾರರೇ, ಏನನ್ನು ಓದಬೇಕೆಂದು ತೀರ್ಮಾನಿಸುತ್ತಿದ್ದವರೂ ಅವರೇ. ಪತ್ರಿಕೆ ಓದಿದ ಮೇಲೆ ಹ್ಯೂಗೊ, ಡ್ಯೂಮಾ ಮೊದಲಾದವರ ಕಾದಂಬರಿಗಳು. ಮೆಚ್ಚಿಗೆಯಾದರೆ ಎಲೆ ಕತ್ತರಿಸುವ ಕತ್ತಿಯಿಂದ ಮೇಜನ್ನು ಬಡಿಯುತ್ತಿದ್ದರು. ಅಧಿಕಾರಿಗಳಿಗೆ ಇದರ ಬಲ ಬೇಗ ತಿಳಿಯಿತು. ಮರುವರ್ಷವೇ ನಿಷೇಧ ಬಂತು. ಆದರೂ ಪದ್ಧತಿ ಉಳಿಯಿತು, ವಲಸೆ ಹೋದವರ ಜೊತೆ ಸಮುದ್ರ ದಾಟಿ ಫ್ಲಾರಿಡಾದ ಟ್ಯಾಂಪಾ ಸೇರಿತು. ಹೊಸೆ ಮಾರ್ತಿ 1891ರಲ್ಲಿ ಕ್ಯೂಬಾದ ಸ್ವಾತಂತ್ರ್ಯಕ್ಕೆ ಬೆಂಬಲ ಕೇಳಲು ಟ್ಯಾಂಪಾಕ್ಕೆ ಹೋದಾಗ ಅವನ ಮಾತಿಗೆ ಕಿವಿಗೊಟ್ಟವರು, ಕೂಲಿಯಲ್ಲಿ ಪಾಲು ಕೊಟ್ಟವರು ಈ ಸಿಗಾರ್ ಕೆಲಸಗಾರರು. 1931ರಲ್ಲಿ ಅಲ್ಲಿನ ಮಾಲೀಕರು ಓದುವವರ ಕಟ್ಟೆಗಳನ್ನು ಕಿತ್ತುಹಾಕಿದರು. 1935ರಲ್ಲಿ ಹುಟ್ಟಿದ ಮಾಂಟೆಕ್ರಿಸ್ಟೊ ಸಿಗಾರ್ ಡ್ಯೂಮಾನ ಕಾದಂಬರಿಯಿಂದ ಹೆಸರು ಪಡೆದಿದೆ. ಕೇಳಿ ಕಲಿತ ಒಂದು ಕಾರ್ಮಿಕ ಸಮುದಾಯದ ಗುರುತು ಹೀಗೆ ಸಿರಿವಂತರ ಪೆಟ್ಟಿಗೆಯ ಮೇಲೆ ಉಳಿದುಕೊಂಡಿದೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ರುಚಿ ನಾಲಿಗೆಯ ವಿಷಯ. ಎಲೆ ಚೆನ್ನಾಗಿದ್ದರೆ ಚೆನ್ನಾಗಿದೆ, ಅದನ್ನು ಸವಿಯಲು ದೇಲಿಯ ಕೂಲಿ ಕಾನೂನು ಯಾಕೆ ತಿಳಿದಿರಬೇಕು? ಈ ಮಾತಿನಲ್ಲಿ ಹುರುಳಿದೆ. ಚರಿತ್ರೆ ತಿಳಿದರೆ ಕೆಟ್ಟ ಸಿಗಾರ್ ಒಳ್ಳೆಯದಾಗುವುದಿಲ್ಲ, ತಿಳಿಯದಿದ್ದರೆ ಒಳ್ಳೆಯದು ಕೆಡುವುದೂ ಇಲ್ಲ. ಆದರೆ ರಸಿಕರು ಬರೀ ನಾಲಿಗೆಯಿಂದ ತೀರ್ಪು ಕೊಡುವವರಲ್ಲ. ಸಿಗಾರ್‌ಗೆ ಬೆಂಕಿ ತಾಗಿಸುವ ಮೊದಲೇ ಅವರು ಬಣ್ಣ ನೋಡುತ್ತಾರೆ, ಊರು ಕೇಳುತ್ತಾರೆ, ಎಲೆ ಎಷ್ಟು ವರ್ಷ ಮಾಗಿದೆ ಎಂದು ವಿಚಾರಿಸುತ್ತಾರೆ, ಕೈಯಲ್ಲಿ ಸುತ್ತಿದ್ದೇ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಹೆಚ್ಚಿನ ಬೆಲೆ ತೆರುವುದೂ ಈ ವಿವರಗಳಿಗಾಗಿಯೇ. ಊರು, ವರ್ಷ, ಕೈ ಇವೆಲ್ಲ ಚರಿತ್ರೆಯ ಸಂಗತಿಗಳು. ಅವುಗಳಲ್ಲಿ ಹಿತವಾದದ್ದನ್ನು ಮಾತ್ರ ಆರಿಸಿಕೊಂಡು, ಆ ಕೈಗೆ ಸಿಕ್ಕ ಕೂಲಿಯನ್ನು ಹೊರಗಿಡುವುದು ರುಚಿಯ ಶುದ್ಧತೆಯಲ್ಲ, ಅರ್ಧ ತಿಳಿವಳಿಕೆ.

ಇದಕ್ಕೆ ತದ್ವಿರುದ್ಧವಾದ ಆಕ್ಷೇಪವೂ ಇದೆ: ದುಡಿಮೆಯನ್ನು ಹೊಗಳುವ ನೆಪದಲ್ಲಿ ಬಡತನವನ್ನು ಅಲಂಕರಿಸಿದಂತಾಗುತ್ತದೆ, ಯಂತ್ರ ಮಾಡಬಹುದಾದ ಕೆಲಸಕ್ಕೆ ಮನುಷ್ಯರನ್ನು ಕೂರಿಸುವುದು ಹೆಮ್ಮೆಯ ಮಾತೇ? ಈ ಅಪಾಯ ನಿಜವಾದದ್ದು. ಕಂಪನಿಗಳ ಕರಪತ್ರಗಳಲ್ಲಿ ಎಲೆ ಸುತ್ತುವ ಮುದುಕಿಯ ಚಿತ್ರ ಇರುತ್ತದೆ, ಅವಳ ಸಂಬಳ ಇರುವುದಿಲ್ಲ. ಆದರೆ ಕುಶಲತೆಯನ್ನು ಒಪ್ಪಿಕೊಳ್ಳುವುದು ಬಡತನವನ್ನು ಒಪ್ಪಿಕೊಂಡಂತೆ ಅಲ್ಲ. 1960ರಲ್ಲಿ ಕ್ಯೂಬಾದ ಕಾರ್ಖಾನೆಗಳು ರಾಷ್ಟ್ರೀಕರಣಗೊಂಡ ಮೇಲೆ, 1962ರಲ್ಲಿ ಅಮೆರಿಕ ವ್ಯಾಪಾರ ನಿರ್ಬಂಧ ಹಾಕಿದ ಮೇಲೆ, ಈ ಉದ್ಯಮ ಡೊಮಿನಿಕನ್ ಗಣರಾಜ್ಯ, ಹೊಂಡುರಾಸ್, ನಿಕರಾಗುವಾಗಳಲ್ಲಿ ಬೇರುಬಿಟ್ಟಿತು. ಕಾರ್ಖಾನೆಯ ಕಟ್ಟಡಗಳು ಹಿಂದೆ ಉಳಿದವು. ರಾಶಿಯ ಕಾವು ತಿಳಿದವರು, ಎಲೆಯ ಹದ ಬಲ್ಲವರು ಹೋದಲ್ಲೆಲ್ಲ ಹೊಸ ಕೇಂದ್ರಗಳು ಎದ್ದವು. ಕಸುಬಿನ ತಿರುಳು ಜನರಲ್ಲಿದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಡ. ಅಷ್ಟು ಬೆಲೆಬಾಳುವ ತಿಳಿವಳಿಕೆಗೆ ತಕ್ಕ ಕೂಲಿ ಕೇಳುವುದು ಹೊಗಳಿಕೆಯ ಮುಂದುವರಿಕೆಯೇ ಹೊರತು ಅದಕ್ಕೆ ವಿರೋಧವಲ್ಲ.

ನಮ್ಮ ಕರಾವಳಿಯಲ್ಲಿ ಇದೇ ಪಾಠದ ಇನ್ನೊಂದು ಅಧ್ಯಾಯವಿದೆ. ಭಾರತದ ಸಂಸತ್ತು 1966ರಲ್ಲಿ ತಂದ ಕಾಯ್ದೆ ಬೀಡಿ ಮತ್ತು ಸಿಗಾರ್ ಕೆಲಸಗಾರರನ್ನು ಒಟ್ಟಿಗೇ ಹೆಸರಿಸಿ, ಅವರ ಕೆಲಸದ ಅವಧಿ, ರಜೆ, ಸೌಕರ್ಯಗಳನ್ನು ನಿಗದಿಪಡಿಸಿತು. ಕೇರಳ ಅದನ್ನು ಜಾರಿಗೆ ತರಲು ಹೊರಟಾಗ ಕಣ್ಣೂರಿನ ಸುತ್ತ ಬೀಡಿ ಕಟ್ಟಿಸುತ್ತಿದ್ದ ಮಂಗಳೂರು ಮೂಲದ ಕಂಪನಿಗಳು ಅಲ್ಲಿನ ಕೆಲಸ ನಿಲ್ಲಿಸಿದವು. ಕೆಲಸ ಕಳೆದುಕೊಂಡ ಸಾವಿರಾರು ಜನರಿಗಾಗಿ 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿತು. ಆ ಕೆಲಸಶಾಲೆಗಳಲ್ಲಿ ಒಬ್ಬರು ಪತ್ರಿಕೆ ಓದುವುದು, ಉಳಿದವರು ಕೇಳುತ್ತಾ ಬೀಡಿ ಕಟ್ಟುವುದು ರೂಢಿಯಾಗಿತ್ತು. ಹವಾನಾದ ಮೇಜಿಗೂ ಕಣ್ಣೂರಿನ ಮೊರಕ್ಕೂ ನೇರ ನಂಟಿಲ್ಲ. ಆದರೆ ಕೈ ದುಡಿಯುವಾಗ ಕಿವಿ ಬಿಡುವಾಗಿರುವ ಕಸುಬಿನಲ್ಲಿ, ತಮ್ಮ ತಿಳಿವನ್ನು ತಾವೇ ಬೆಳೆಸಿಕೊಳ್ಳುವ ದಾರಿಯನ್ನು ಎರಡೂ ಕಡೆಯ ಕೆಲಸಗಾರರು ಕಂಡುಕೊಂಡರು. ಒಂದು ವಸ್ತು ಶ್ರೀಮಂತರಿಗೆ, ಇನ್ನೊಂದು ಬಡವರಿಗೆ. ಮಾಡಿದವರ ಬದುಕಿನಲ್ಲಿ ಅಷ್ಟು ಅಂತರವಿರಲಿಲ್ಲ.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಭಾರವಾದದ್ದು. ತಂಬಾಕು ಕೊಲ್ಲುತ್ತದೆ, ಅದರ ಮೆಚ್ಚುಗೆಯ ಬಗ್ಗೆ ಬರೆಯುವುದೇ ತಪ್ಪಲ್ಲವೇ? ಹೊಗೆಯನ್ನು ಎದೆಗೆ ಎಳೆದುಕೊಳ್ಳದಿದ್ದರೂ ಸಿಗಾರ್ ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್ ತರುತ್ತದೆ. ಎಲೆಯನ್ನು ಎಷ್ಟು ಕಾಲ ಮಾಗಿಸಿದರೂ ಆ ಅಪಾಯ ಹೋಗುವುದಿಲ್ಲ. ಹೊಲದಲ್ಲಿ ಒದ್ದೆ ಎಲೆ ಮುಟ್ಟುವವರ ಚರ್ಮದ ಮೂಲಕ ನಿಕೋಟಿನ್ ಇಳಿದು ವಾಂತಿ, ತಲೆಸುತ್ತು ಬರುತ್ತದೆ. ಒಂದು ಸಿಗಾರ್ ಕೂಡ ಸೇದದವರೂ ಇದರಿಂದ ನರಳುತ್ತಾರೆ. ಆದ್ದರಿಂದ ಈ ಬರಹ ಯಾರಿಗೂ ಸೇದಿರಿ ಎನ್ನುವುದಿಲ್ಲ. ಆದರೆ ಹಾನಿಯ ಕಾರಣಕ್ಕೆ ಚರಿತ್ರೆಯನ್ನೂ ಮುಚ್ಚಿಟ್ಟರೆ, ಬೆಳೆದವರೂ ಮಾಗಿಸಿದವರೂ ಕೇಳುತ್ತಾ ಸುತ್ತಿದವರೂ ಎರಡನೆಯ ಸಲ ಮರೆಯಾಗುತ್ತಾರೆ, ಜಾಹೀರಾತು ಹೇಳಿದ ಕಥೆಯೊಂದೇ ಉಳಿಯುತ್ತದೆ.

ಮದುರೊ ಮುಂದಿಟ್ಟುಕೊಂಡ ರಸಿಕರು ಕೇಳಬೇಕಾದ ಪ್ರಶ್ನೆಗಳು ಹಾಗಾಗಿ ಬೇರೆ. ಈ ಕಪ್ಪು ಕಾಲದಿಂದ ಬಂದದ್ದೋ, ಹಬೆಯಿಂದ ಬಂದದ್ದೋ? ಎಲೆ ಯಾವ ಕಣಿವೆಯದು, ಅಲ್ಲಿ ಕೂಲಿ ಎಷ್ಟು? ರಾಶಿ ತಿರುವಿದವರಿಗೆ ಮುಖಕ್ಕೆ ರಕ್ಷಣೆ ಇತ್ತೇ, ಸಂಘ ಕಟ್ಟುವ ಹಕ್ಕಿತ್ತೇ? ರುಚಿಯನ್ನು ಇಷ್ಟು ಸೂಕ್ಷ್ಮವಾಗಿ ಬಿಡಿಸಿ ನೋಡಬಲ್ಲವರಿಗೆ ಈ ಪ್ರಶ್ನೆಗಳು ಕಷ್ಟವೇನಲ್ಲ, ಉತ್ತರ ಕೊಡುವುದು ಮಾರುವವರಿಗೆ ಅಸಾಧ್ಯವೂ ಅಲ್ಲ. ಕೊಳ್ಳುವವರು ಕೇಳತೊಡಗಿದರೆ ಸಿಗಾರ್‌ನ ಪೆಟ್ಟಿಗೆಯ ಮೇಲೆ ಬಣ್ಣದ ಹೆಸರಿನ ಜೊತೆಗೆ ದುಡಿಮೆಯ ವಿವರವೂ ಬರಬೇಕಾಗುತ್ತದೆ. ಉತ್ತಮ ದರ್ಜೆ ಎಂಬ ಮಾತಿಗೆ ಅರ್ಹತೆ ಬರುವುದು ಆಗಲೇ.